ಆರೋಪವೂ ಇದೆ, ಅಧಿಕಾರವೂ ಇದೆ: ಪಾಕಿಸ್ತಾನದ ಇಬ್ಬಗೆಯ ಸ್ಥಾನ



2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಉಗ್ರರ ಗುಂಡಿಗೆ 26 ಮಂದಿ ಬಲಿಯಾದರು. ಶಿವಮೊಗ್ಗ, ಬೆಂಗಳೂರಿನಿಂದ ಪ್ರವಾಸಕ್ಕೆ ಹೋದವರೂ ಅವರಲ್ಲಿದ್ದರು. ದಾಳಿಗೆ ಪಾಕಿಸ್ತಾನದ ನಂಟಿದೆ ಎಂದು ಭಾರತ ಹೇಳಿತು, ಪಾಕಿಸ್ತಾನ ಅಲ್ಲಗಳೆಯಿತು. ಎರಡು ತಿಂಗಳು ಕಳೆಯುವ ಮೊದಲೇ ವಿಶ್ವಸಂಸ್ಥೆ ಭದ್ರತಾ ಮಂಡಳಿಯ ಭಯೋತ್ಪಾದನೆ ನಿಗ್ರಹ ಸಮಿತಿಯ ಉಪಾಧ್ಯಕ್ಷ ಸ್ಥಾನಗಳಲ್ಲೊಂದು ಪಾಕಿಸ್ತಾನಕ್ಕೆ ಸಿಕ್ಕಿತು. ಇದು ಹೇಗೆ ಸಾಧ್ಯ? ಮಲಯಾಳ, ತಮಿಳು, ಮರಾಠಿ, ತೆಲುಗು ಪತ್ರಿಕೆಗಳಲ್ಲಿ ನಾವೆಲ್ಲ ಓದಿದ ಸುದ್ದಿಯನ್ನು ಕನ್ನಡದಲ್ಲಿ ಬಿಡಿಸಿ ನೋಡೋಣ.

ಸ್ಥಾನವೆಂದರೆ ಪ್ರಶಸ್ತಿಯಲ್ಲ

ಭದ್ರತಾ ಮಂಡಳಿಯಲ್ಲಿ 5 ಕಾಯಂ ಸದಸ್ಯರು, ಎರಡು ವರ್ಷಕ್ಕೆ ಆಯ್ಕೆಯಾಗುವ 10 ಸದಸ್ಯರು. ಸಮಿತಿಗಳ ಹೊಣೆಯನ್ನು ಇವರೇ ಹಂಚಿಕೊಳ್ಳುತ್ತಾರೆ. 2025-26ರ ಅವಧಿಗೆ ಪಾಕಿಸ್ತಾನ ಆಯ್ಕೆಯಾಗಿತ್ತು, ಹಾಗಾಗಿ ಪಾಲು ಬಂತು. ಇದೇ ಸಮಿತಿಗೆ 2022ರಲ್ಲಿ ಭಾರತ ಅಧ್ಯಕ್ಷನಾಗಿತ್ತು. ಇದು ಸರದಿಯ ಲೆಕ್ಕ, ನಡತೆಯ ಪ್ರಮಾಣಪತ್ರವಲ್ಲ.

ಒಬ್ಬರ ತಡೆ ಸಾಕು

ಉಗ್ರರ ಹೆಸರನ್ನು ನಿರ್ಬಂಧದ ಪಟ್ಟಿಗೆ ಸೇರಿಸುವುದು ಬೇರೊಂದು ಸಮಿತಿ. ಅಲ್ಲಿ ಎಲ್ಲ ಸದಸ್ಯರ ಒಪ್ಪಿಗೆ ಬೇಕು. ಜೈಷ್‌ನ ಮಸೂದ್ ಅಜರ್ ಹೆಸರಿಗೆ ಚೀನಾ ವರ್ಷಗಟ್ಟಲೆ ತಡೆಯೊಡ್ಡಿತ್ತು; ಆತ ಪಟ್ಟಿ ಸೇರಿದ್ದು 2019ರ ಮೇ 1ರಂದು. ಪಟ್ಟಿಗೆ ಸೇರಿದರೆ ಆಸ್ತಿ ಮುಟ್ಟುಗೋಲು, ಪ್ರಯಾಣ ನಿಷೇಧ ಆಗಬೇಕು. ಬಂಧನ, ವಿಚಾರಣೆ ಆಯಾ ದೇಶದ ಕೈಯಲ್ಲೇ ಉಳಿಯುತ್ತದೆ.

ಹಣದ ದಾರಿ

ಹೆಚ್ಚು ಬಿಸಿ ಮುಟ್ಟಿಸಿದ್ದು ಎಫ್‌ಎಟಿಎಫ್ ಎಂಬ ಹಣಕಾಸು ಕಾರ್ಯಪಡೆ. ಉಗ್ರರಿಗೆ ಹಣ ಹೋಗುವ ದಾರಿ ಮುಚ್ಚಿಲ್ಲವೆಂದು ಅದು 2018ರ ಜೂನ್‌ನಲ್ಲಿ ಪಾಕಿಸ್ತಾನವನ್ನು ಬೂದು ಪಟ್ಟಿಗೆ ಸೇರಿಸಿತು. ಈ ಒತ್ತಡದ ನಡುವೆಯೇ, 2020ರಲ್ಲಿ, ಲಷ್ಕರ್ ಸ್ಥಾಪಕ ಹಫೀಜ್ ಸಯೀದ್‌ಗೆ ಅಲ್ಲಿನ ನ್ಯಾಯಾಲಯ ಶಿಕ್ಷೆ ವಿಧಿಸಿತು. 34 ಅಂಶಗಳ ಕೆಲಸ ಮುಗಿಸಿ 2022ರ ಅಕ್ಟೋಬರ್‌ನಲ್ಲಿ ಪಾಕಿಸ್ತಾನ ಪಟ್ಟಿಯಿಂದ ಹೊರಬಂತು. ಇದು ನಿಜವಾದ ಬದಲಾವಣೆಯೋ, ತೋರಿಕೆಯೋ ಎಂಬ ವಾದ ಇನ್ನೂ ನಿಂತಿಲ್ಲ.

ಅಮೆರಿಕದ ಲೆಕ್ಕ

2003ರಲ್ಲಿ ಅಲ್ ಖೈದಾದ ಖಾಲಿದ್ ಶೇಖ್ ಮೊಹಮ್ಮದ್ ರಾವಲ್ಪಿಂಡಿಯಲ್ಲಿ ಸಿಕ್ಕಿಬಿದ್ದ. ಮರುವರ್ಷ ಅಮೆರಿಕ ಪಾಕಿಸ್ತಾನಕ್ಕೆ ನ್ಯಾಟೋ ಹೊರಗಿನ ಪ್ರಮುಖ ಮಿತ್ರನ ಸ್ಥಾನ ಕೊಟ್ಟಿತು. ಆದರೆ 2011ರಲ್ಲಿ ಒಸಾಮಾ ಬಿನ್ ಲಾಡೆನ್ ಸಿಕ್ಕಿದ್ದೂ ಅಬೊಟಾಬಾದ್‌ನಲ್ಲಿ, ಸೇನಾ ಅಕಾಡೆಮಿಯ ಸಮೀಪದಲ್ಲೇ. 2018ರಲ್ಲಿ ಭದ್ರತಾ ನೆರವು ನಿಂತಿತು. 2025ರ ಮಾರ್ಚ್‌ನಲ್ಲಿ, ಕಾಬೂಲ್ ವಿಮಾನ ನಿಲ್ದಾಣದ ಸ್ಫೋಟ ಪ್ರಕರಣದ ಆರೋಪಿಯನ್ನು ಹಿಡಿದುಕೊಟ್ಟಿದ್ದಕ್ಕೆ ಟ್ರಂಪ್ ಧನ್ಯವಾದ ಹೇಳಿದರು. ಕೆಲಸಕ್ಕೆ ಬಂದಾಗ ಮಿತ್ರ, ಬಾರದಾಗ ಆರೋಪಿ.

ಪಾಕಿಸ್ತಾನದ ವಾದವನ್ನೂ ಕೇಳಬೇಕು: ನಾವೇ ಹೆಚ್ಚು ನೊಂದವರು ಎನ್ನುತ್ತದೆ ಅದು. 2014ರ ಡಿಸೆಂಬರ್ 16ರಂದು ಪೇಶಾವರದ ಶಾಲೆಯಲ್ಲಿ 140ಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಮಕ್ಕಳು. ಆ ನೋವು ಸುಳ್ಳಲ್ಲ. ತನ್ನ ಮೇಲೆ ತಿರುಗಿಬಿದ್ದ ಉಗ್ರರನ್ನು ಹೊಡೆದು, ನೆರೆಯವರ ಮೇಲೆ ಎರಗುವವರನ್ನು ಪೋಷಿಸುತ್ತದೆ ಎಂಬುದು ಭಾರತ, ಅಫ್ಘಾನಿಸ್ತಾನಗಳ ಹಳೆಯ ದೂರು. ಈ ದೂರಿಗೆ ಸಮಿತಿಯ ಕುರ್ಚಿ ಉತ್ತರವಾಗಲಾರದು.

ಹಾಗಾಗಿ ಇಂಥ ಸುದ್ದಿ ಮುಂದೆ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳೋಣ: ಇದು ಸರದಿಯ ಸ್ಥಾನವೋ? ಹಣದ ಪರಿಶೀಲನೆಯೋ? ಎರಡು ದೇಶಗಳ ವ್ಯವಹಾರವೋ? ಯಾವುದೆಂದು ತಿಳಿದರೆ ಗಾಬರಿಯೂ ಕಡಿಮೆ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಜಗಳವೂ ಕಡಿಮೆ.