ಕಾಣದ ಅಕ್ಷರ, ಮುಚ್ಚಿಹೋದ ಟಿಕೆಟ್

ಕಳೆದ ದೀಪಾವಳಿಗೆ ಹಿರೇಗುಂಟನೂರಿಗೆ ಹೋಗಿದ್ದೆ. ಬೆಳಿಗ್ಗೆ ಹಾಲು ತರೋಕೆ ಅಂಗಡಿಗೆ ಹೋದರೆ, ಅಂಗಡಿ ಅಣ್ಣ ಹಾಲಿನ ಪ್ಯಾಕೆಟ್ ಕೊಡೋ ಮೊದಲು ತಮ್ಮ ಮೊಬೈಲ್ ಕೈಗಿಟ್ಟರು.

"ತಮ್ಮಾ, ನಿಮ್ಮ ಕಂಪನಿ ಆ್ಯಪ್ ನನ್ನ ಮರ್ಯಾದೆ ತೆಗೆದೈತೆ ನೋಡು."

ವಿಷಯ ಇಷ್ಟು. ಮಂಜುನಾಥ್ ಅನ್ನೋ ಗಿರಾಕಿ ಉದ್ರಿಯನ್ನೆಲ್ಲ ತೀರಿಸಿ ತಿಂಗಳಾಗಿತ್ತು. ಆದರೂ ಹಬ್ಬದ ಮುಂಚಿನ ದಿನ "ನಿಮ್ಮ ಬಾಕಿ ಎರಡು ಸಾವಿರ ಚಿಲ್ಲರೆ" ಅಂತ ಅವರಿಗೆ ಮೆಸೇಜ್ ಹೋಗಿದೆ. ಅವರು ನಾಲ್ಕು ಜನರ ಮುಂದೆ ಅಂಗಡಿಗೆ ಬಂದು ಜೋರು ಮಾಡಿದ್ದಾರೆ. (ಹೆಸರು ಬದಲಿಸಿದ್ದೇನೆ. ಆದರೆ ಕೊನೆಯಲ್ಲಿ ಅರ್ಧಾಕ್ಷರ ಇರುವ ಹೆಸರೇ ಬೇಕು, ಕಥೆ ಇರೋದೇ ಅಲ್ಲಿ.) ಆ್ಯಪ್ ತೆರೆದು ನೋಡಿದರೆ ಪಟ್ಟಿಯಲ್ಲಿ ಇಬ್ಬರು ಮಂಜುನಾಥ್. ಒಬ್ಬರ ಲೆಕ್ಕದಲ್ಲಿ ಬರೀ ಸಾಲ, ಇನ್ನೊಬ್ಬರ ಲೆಕ್ಕದಲ್ಲಿ ಬರೀ ಜಮಾ. ಇಬ್ಬರೂ ಒಬ್ಬರೇ.

"ನೀವು ಹಿಂದೆ ಹೇಳಿರಲಿಲ್ವಾ ಅಣ್ಣಾ?" ಅಂದೆ.

"ಮೂರು ಸಲ ಹೇಳೀನಿ. ಪ್ರತಿ ಸಲ ಒಂದು ನಂಬರ್ ಕೊಟ್ರು. ಆಮೇಲೆ ಪರಿಹಾರ ಆಗೈತೆ ಅಂತ ಮೆಸೇಜ್ ಬಂತು."

ನಾನು ಆ ಆ್ಯಪ್ ಮಾಡುವ ತಂಡದಲ್ಲೇ ಇದ್ದೇನೆ. ಪೇಟೆಯಲ್ಲಿ ಕೂತು "ಇಶ್ಯೂ ಟ್ರ್ಯಾಕಿಂಗ್" ಅಂತ ದಿನಾ ಬಾಯಿತುಂಬ ಹೇಳೋ ನನಗೆ, ಹಾಲಿನ ಪ್ಯಾಕೆಟ್ ಹಿಡಿದು ನಿಂತಾಗ ಹೇಳೋಕೆ ಏನೂ ಉಳಿದಿರಲಿಲ್ಲ.

ರಜೆ ಮುಗಿಸಿ ಬಂದು ನಮ್ಮ ಟ್ರ್ಯಾಕರ್‌ನಲ್ಲಿ ಹುಡುಕಿದೆ. ಮೂರೂ ಇದ್ದವು. ಮೊದಲನೆಯದರ ತಲೆಬರಹ "ಹುಡುಕಾಟ ಸರಿ ಇಲ್ಲ". ವಿವರಣೆ ಖಾಲಿ, ಒಂದು ಸ್ಕ್ರೀನ್‌ಶಾಟ್ ಅಷ್ಟೇ. ನಮ್ಮ ಡೆವಲಪರ್ ತಮ್ಮ ಲ್ಯಾಪ್‌ಟಾಪ್‌ನಲ್ಲಿ ಮಂಜುನಾಥ್ ಅಂತ ಟೈಪ್ ಮಾಡಿ ನೋಡಿದ್ದಾರೆ, ಸರಿಯಾಗೇ ಸಿಕ್ಕಿದೆ. "ನಮ್ಮಲ್ಲಿ ಮರುಕಳಿಸುತ್ತಿಲ್ಲ" ಅಂತ ಬರೆದು ಮುಚ್ಚಿದ್ದಾರೆ. ಎರಡನೆಯದನ್ನು ಮೊದಲನೆಯದರ ನಕಲು ಅಂತ ಮುಚ್ಚಿದ್ದಾರೆ. ಮುಚ್ಚಿರೋದರ ನಕಲು ಅಂತ ಇನ್ನೊಂದನ್ನು ಮುಚ್ಚೋದು! ಮೂರನೆಯದನ್ನು ಮನುಷ್ಯರು ಯಾರೂ ಓದೇ ಇಲ್ಲ. 60 ದಿನ ಯಾರೂ ಮಾತಾಡದ ಇಶ್ಯೂಗೆ "ಹಳತಾಯ್ತು" ಅಂತ ಚೀಟಿ ಅಂಟಿಸಿ, ಇನ್ನೊಂದು 7 ದಿನ ಕಾದು ಮುಚ್ಚುವ ಬಾಟ್ ಇದೆಯಲ್ಲ, ಅದು ಮುಚ್ಚಿತ್ತು. ಮುಚ್ಚಿದ ತಕ್ಷಣ ಗಿರಾಕಿಗೆ "ಪರಿಹಾರವಾಗಿದೆ" ಅಂತ ತಾನಾಗಿಯೇ ಮೆಸೇಜ್ ಹೋಗೋ ಹಾಗೆ ಜೋಡಿಸಿದ್ದವನು ನಾನೇ.

ತೊಂದರೆ ಏನಿತ್ತು ಅಂತ ಹೇಳಿಬಿಡ್ತೀನಿ, ಕನ್ನಡದಲ್ಲಿ ಟೈಪ್ ಮಾಡೋ ಎಲ್ಲರಿಗೂ ಇದು ಬೇಕಾದದ್ದು. ಯೂನಿಕೋಡ್‌ನಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಇದೆ. ಜೀರೋ ವಿಡ್ತ್ ನಾನ್ ಜಾಯ್ನರ್ ಅಂತ ಅದರ ಹೆಸರು. ಹೆಸರೇ ಹೇಳುವಂತೆ ಅದಕ್ಕೆ ಅಗಲ ಸೊನ್ನೆ. ರಾಜ್‌ಕುಮಾರ್ ಅಂತ ಬಿಡಿಸಿ ಬರೆಯಬೇಕಾದರೆ ಜ್ ಮತ್ತು ಕು ನಡುವೆ ಅದು ಕೂತಿರಬೇಕು. ಇಲ್ಲದಿದ್ದರೆ ಒತ್ತಕ್ಷರವಾಗಿ ರಾಜ್ಕುಮಾರ್ ಆಗುತ್ತೆ. ಕೆಲವು ಕೀಲಿಮಣೆಗಳು ಪದದ ಕೊನೆಯ ಅರ್ಧಾಕ್ಷರದ ಮುಂದೆಯೂ ಇದನ್ನು ಹಾಕುತ್ತವೆ, ಕೆಲವು ಹಾಕಲ್ಲ. ಆದ್ದರಿಂದ ಅಣ್ಣನ ಫೋನಿನ ಮಂಜುನಾಥ್, ಅವರ ಮಗನ ಫೋನಿನ ಮಂಜುನಾಥ್ ಪರದೆ ಮೇಲೆ ಒಂದೇ. ಕಂಪ್ಯೂಟರ್‌ಗೆ ಮಾತ್ರ ಎರಡು ಬೇರೆ ಹೆಸರು. ಸಾಲ ಬರೆದದ್ದು ಅಪ್ಪ, ಜಮಾ ಬರೆದದ್ದು ಮಗ.

ಈಗ ಯೋಚನೆ ಮಾಡಿ, ಇದನ್ನು ಸ್ಕ್ರೀನ್‌ಶಾಟ್‌ನಲ್ಲಿ ಹೇಗೆ ತೋರಿಸೋದು? ಕಾಣದ್ದರ ಫೋಟೋ ತೆಗೆಯೋಕೆ ಆಗಲ್ಲ. ಅಣ್ಣ ದೂರು ಸರಿಯಾಗೇ ಕೊಟ್ಟಿದ್ದರು. ಕೇಳಬೇಕಾದದ್ದನ್ನು ಕೇಳದೆ ಹೋದದ್ದು ನಮ್ಮ ಫಾರಂ.

ಇದು ನಮ್ಮ ಒಂದು ತಂಡದ ಗೋಳಲ್ಲ. ಸಾಫ್ಟ್‌ವೇರ್ ಲೋಕದಲ್ಲಿ ದೂರುಪುಸ್ತಕಕ್ಕೆ ದೊಡ್ಡ ಇತಿಹಾಸವೇ ಇದೆ. ಮೊಜಿಲ್ಲಾದವರ ಬಗ್‌ಜಿಲ್ಲಾ 1998ರಲ್ಲಿ ಬಂತು. ಆಸ್ಟ್ರೇಲಿಯಾದ ಅಟ್ಲಾಸಿಯನ್ ಕಂಪನಿಯವರು ಮೊದಲು ಅದನ್ನೇ ಬಳಸುತ್ತಾ, ಗಾಡ್ಜಿಲಾದ ಜಪಾನಿ ಹೆಸರು ಗೊಜಿರಾ ಅಂತ ಅದಕ್ಕೆ ಅಡ್ಡಹೆಸರಿಟ್ಟಿದ್ದರು. 2002ರಲ್ಲಿ ತಮ್ಮದೇ ಟ್ರ್ಯಾಕರ್ ತಂದಾಗ ಆ ಹೆಸರಿನ ತಲೆ ಕತ್ತರಿಸಿ ಜಿರಾ ಮಾಡಿದರು. (ಜೀರಿಗೆಗೂ ಅದಕ್ಕೂ ಸಂಬಂಧ ಇಲ್ಲ, ನಮ್ಮಮ್ಮ ಕೇಳಿದ್ದರು.) ಗಿಟ್‌ಹಬ್‌ಗೆ ಇಶ್ಯೂ ಸೌಲಭ್ಯ ಬಂದದ್ದು 2009ರಲ್ಲಿ.

ಗಿಟ್‌ಹಬ್‌ನದೇ ಒಂದು ಪ್ರಸಂಗ ನನಗೆ ಇಷ್ಟ. 2016ರ ಜನವರಿಯಲ್ಲಿ ಓಪನ್ ಸೋರ್ಸ್ ಯೋಜನೆಗಳನ್ನು ನಡೆಸುವ ನೂರಾರು ಮಂದಿ ಸೇರಿ ಗಿಟ್‌ಹಬ್‌ಗೆ ಒಂದು ಬಹಿರಂಗ ಪತ್ರ ಬರೆದರು. ಅವರ ಗೋಳು ನಮ್ಮದೇ: ದೂರು ಬರುತ್ತೆ, ಆದರೆ ಏನು ಮಾಡಿದಾಗ ಹೀಗಾಯ್ತು, ಯಾವ ಆವೃತ್ತಿ ಅನ್ನೋ ವಿವರ ಇರಲ್ಲ. ಒಂದು ಇಶ್ಯೂ ಕೆಳಗೆ "ನನಗೂ", "+1" ಅಂತ ನೂರು ಕಾಮೆಂಟ್, ಅದರ ನಡುವೆ ಉಪಯೋಗಕ್ಕೆ ಬರೋ ಒಂದು ಮಾತು ಹೂತುಹೋಗುತ್ತೆ. ದೂರುಪುಸ್ತಕದ ಮೇಲೇ ದೂರು! ಫೆಬ್ರವರಿಯಲ್ಲಿ ಗಿಟ್‌ಹಬ್ ಟೆಂಪ್ಲೇಟ್ ತಂದಿತು, ಅಂದರೆ ಇಶ್ಯೂ ತೆರೆದ ಕೂಡಲೇ ತುಂಬಬೇಕಾದ ಪ್ರಶ್ನೆಗಳು ಎದುರಿಗೆ ಬರೋ ವ್ಯವಸ್ಥೆ. ಮಾರ್ಚ್‌ನಲ್ಲಿ ಹೆಬ್ಬೆರಳು ಒತ್ತುವ ಎಮೋಜಿ ಬಂತು, "+1" ಕಾಮೆಂಟ್‌ನ ಕಾಟ ತಗ್ಗಿತು. ಇವತ್ತು ನಾವು ಯೋಚಿಸದೆ ಒತ್ತುವ ಹೆಬ್ಬೆರಳಿನ ಹಿಂದೆ ಅಷ್ಟು ಜನರ ಸಿಟ್ಟಿದೆ. 2022ರಲ್ಲಿ ಮುಚ್ಚುವಾಗ "ಮುಗಿಯಿತು" ಅಂತ ಮುಚ್ಚಿದ್ದೋ, "ಮಾಡೋ ಯೋಚನೆ ಇಲ್ಲ" ಅಂತ ಮುಚ್ಚಿದ್ದೋ ಬೇರೆ ಮಾಡಿ ತೋರಿಸೋದನ್ನೂ ಸೇರಿಸಿದರು. ನನ್ನ ಪ್ರಕಾರ ಎಲ್ಲದಕ್ಕಿಂತ ದೊಡ್ಡ ಸುಧಾರಣೆ ಅದೇ. ಇಲ್ಲ ಅನ್ನೋದನ್ನು ಆಯ್ತು ಅನ್ನೋ ಬಣ್ಣದಲ್ಲಿ ತೋರಿಸಬಾರದು.

ಟೆಂಪ್ಲೇಟ್‌ನಲ್ಲಿ ಏನು ಕೇಳಬೇಕು ಅನ್ನೋದಕ್ಕೆ ಜೋಯೆಲ್ ಸ್ಪೋಲ್ಸ್ಕಿ 2000ದಲ್ಲೇ ಬರೆದ ಲೆಕ್ಕ ಇನ್ನೂ ನಡೆಯುತ್ತೆ: ಏನೇನು ಮಾಡಿದಿರಿ, ಏನಾಗಬೇಕಿತ್ತು, ಏನಾಯ್ತು. ಮೂರೇ. ಆದರೆ ನಮ್ಮ ತಂಡ ಜೋಶ್‌ನಲ್ಲಿ ಹದಿನಾಲ್ಕು ಖಾನೆ ಮಾಡಿತು. ದೂರು ಬರೋದೇ ನಿಂತುಹೋಯ್ತು. ಒಂದು ವಾರ ನಾವು "ಬಗ್ ಕಡಿಮೆ ಆಗಿದೆ" ಅಂತ ಖುಷಿಯಲ್ಲಿದ್ದೆವು! ಆಮೇಲೆ ಐದಕ್ಕೆ ಇಳಿಸಿದೆವು. ಸ್ಪೋಲ್ಸ್ಕಿಯ ಮೂರರ ಜತೆಗೆ, ಕನ್ನಡ ಬಳಕೆದಾರರಿಗಾಗಿಯೇ ಎರಡು: ಯಾವ ಕೀಲಿಮಣೆ ಬಳಸುತ್ತೀರಿ? ತೊಂದರೆ ಕೊಟ್ಟ ಪದವನ್ನು ಫೋಟೋ ಅಲ್ಲ, ಕಾಪಿ ಮಾಡಿ ಇಲ್ಲಿ ಅಂಟಿಸಿ. ಕಾಪಿ ಮಾಡಿದರೆ ಕಾಣದ ಅಕ್ಷರವೂ ಜತೆಗೆ ಬರುತ್ತೆ. ಅಣ್ಣನಿಗೆ ಫೋನ್‌ನಲ್ಲೇ ಹೇಳಿಕೊಟ್ಟು ಎರಡೂ ಹೆಸರು ಅಂಟಿಸಿಸಿದೆ. ಅಕ್ಷರ ಎಣಿಸಿದರೆ ಒಂದರಲ್ಲಿ ಒಂದು ಹೆಚ್ಚು. ಎರಡು ನಿಮಿಷದ ಕೆಲಸ.

ಸರಿಪಡಿಸುವಾಗ ಮತ್ತೆ ಎಡವಿದೆವು ಅನ್ನೋದನ್ನೂ ಹೇಳಬೇಕು. ಮೊದಲು ಆ ಅಕ್ಷರವನ್ನು ಎಲ್ಲ ಹೆಸರುಗಳಿಂದ ಕಿತ್ತು ಹಾಕೋಣ ಅಂದೆವು. ಪರೀಕ್ಷೆಯಲ್ಲೇ ರಾಜ್‌ಕುಮಾರ್‌ಗಳೆಲ್ಲ ರಾಜ್ಕುಮಾರ್ ಆಗಿ ನಿಂತರು. ಈಗ ಹೆಸರು ಟೈಪ್ ಮಾಡಿದ ಹಾಗೇ ಉಳಿಯುತ್ತೆ, ಹುಡುಕುವಾಗ ಮಾತ್ರ ಕಾಣದ ಅಕ್ಷರಗಳನ್ನು ಲೆಕ್ಕಕ್ಕೆ ಹಿಡಿಯಲ್ಲ. ಇದೆಲ್ಲವೂ ಅದೇ ಇಶ್ಯೂ ಕೆಳಗೆ ಬರೆದಿದೆ. ಮುಂದೆ ಬರೋ ಹೊಸ ಹುಡುಗ "ಇದನ್ನು ಕಿತ್ತುಹಾಕಬಾರದಾ?" ಅಂತ ಕೇಳಿದರೆ ಲಿಂಕ್ ಕಳಿಸಿದರೆ ಸಾಕು.

ಅಪ್ಪನಿಗೆ ಈ ಕಥೆ ಹೇಳಿದಾಗ ಅವರು ನಾಡಕಚೇರಿಯ ಚೀಟಿ ತಂದು ತೋರಿಸಿದರು. ಜಾತಿ-ಆದಾಯ ಪತ್ರಕ್ಕೆ ಅರ್ಜಿ ಕೊಟ್ಟರೆ ಸಕಾಲದ 15 ಅಂಕಿಯ ಸಂಖ್ಯೆ ಸಿಗುತ್ತಲ್ಲ, ಅದು. ನಾನು ಅಷ್ಟು ದಿನ ಅದನ್ನು ಟ್ರ್ಯಾಕರ್ ಅಂತ ನೋಡಿರಲೇ ಇಲ್ಲ. 2011ರ ಕಾಯ್ದೆ, 2012ರ ಏಪ್ರಿಲ್‌ನಿಂದ ರಾಜ್ಯದ ತುಂಬ ಜಾರಿ. ಪ್ರತಿ ಸೇವೆಗೂ ಇಷ್ಟು ದಿನ ಅಂತ ಗಡುವು. ತಡವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಅರ್ಜಿ ತಿರಸ್ಕರಿಸಿದರೆ ಮೇಲ್ಮನವಿ. "ನಿಮ್ಮದರಲ್ಲಿ ಯಾರು ದುಡ್ಡು ಕೊಡ್ತಾರಪ್ಪ?" ಅಂದರು. ಯಾರೂ ಇಲ್ಲ. ನಮ್ಮ ಟ್ರ್ಯಾಕರ್‌ನಲ್ಲಿ ಗಡುವಿನ ಖಾನೆ ಇದೆ, ಅದನ್ನು ತುಂಬಿದವರನ್ನು ನಾನು ನೋಡಿಲ್ಲ. ಮೇಲ್ಮನವಿಯಂತೂ ಇರಲೇ ಇಲ್ಲ.

ಇದನ್ನು ಮುಂದಿನ ಮೀಟಿಂಗ್‌ನಲ್ಲಿ ಇಟ್ಟೆ. ದಂಡ ಅಂದಾಗ ಎಲ್ಲರೂ ನಕ್ಕರು. ಮೇಲ್ಮನವಿಗೆ ಒಪ್ಪಿದರು. ಈಗ ಮುಚ್ಚಿದ ಇಶ್ಯೂ ಬಗ್ಗೆ ಗಿರಾಕಿಗೆ ಹೋಗುವ ಮೆಸೇಜ್‌ನಲ್ಲಿ "ಇನ್ನೂ ಸರಿಯಾಗಿಲ್ಲ" ಅನ್ನೋ ಬಟನ್ ಇದೆ. ಒತ್ತಿದರೆ ಮತ್ತೆ ತೆರೆಯುತ್ತೆ, ಮೊದಲು ಮುಚ್ಚಿದವರ ಬದಲು ಬೇರೆಯವರ ಹತ್ತಿರ ಹೋಗುತ್ತೆ. ಬಾಟ್‌ಗೆ ಹಳತಾಯ್ತು ಅಂತ ಚೀಟಿ ಅಂಟಿಸೋ ಹಕ್ಕಿದೆ, ಮುಚ್ಚೋ ಹಕ್ಕಿಲ್ಲ. ಇದರಿಂದ ತೆರೆದ ಇಶ್ಯೂಗಳ ಸಂಖ್ಯೆ ಏರಿದೆ, ನಮ್ಮ ಮ್ಯಾನೇಜರ್ ಮೇಡಂಗೆ ಡ್ಯಾಶ್‌ಬೋರ್ಡ್ ನೋಡೋಕೆ ಬೇಜಾರು. ಅವರ ಬೇಜಾರೂ ಸುಳ್ಳಲ್ಲ. ಎಲ್ಲವನ್ನೂ ತೆರೆದಿಟ್ಟರೆ ಯಾವುದು ಮುಖ್ಯ ಅಂತ ಗೊತ್ತಾಗಲ್ಲ, ಚಿಕ್ಕ ತಂಡದಲ್ಲಿ ಕೆಲವನ್ನು "ಮಾಡಲ್ಲ" ಅಂತ ಧೈರ್ಯವಾಗಿ ಹೇಳಲೇಬೇಕು.

ಎಂದೂ ಸರಿಪಡಿಸೋಕಾಗದ ಬಗ್‌ಗಳೂ ಇರ್ತವೆ. ಯೂನಿಕೋಡ್‌ನ ಕನ್ನಡ ಭಾಗದಲ್ಲೇ ಒಂದಿದೆ. ಹಳಗನ್ನಡ ಶಾಸನಗಳಲ್ಲಿ ಸಿಗುವ ೞ ಅಕ್ಷರಕ್ಕೆ ಅಲ್ಲಿ ಕೊಟ್ಟಿರುವ ಅಧಿಕೃತ ಹೆಸರು "ಕನ್ನಡ ಲೆಟರ್ ಎಫ್‌ಎ", ಅಂದರೆ ಫ! ಯಾರೋ ಯಾವಾಗಲೋ ಮಾಡಿದ ತಪ್ಪು. ಒಮ್ಮೆ ಕೊಟ್ಟ ಹೆಸರು ಬದಲಿಸಬಾರದು ಅನ್ನೋದು ಯೂನಿಕೋಡ್‌ನ ನಿಯಮ, ಬದಲಿಸಿದರೆ ಆ ಹೆಸರನ್ನು ನಂಬಿದ ಸಾಫ್ಟ್‌ವೇರ್ ಕೆಡಬಹುದು. ಹಾಗಾಗಿ ತಪ್ಪು ಹೆಸರು ಹಾಗೇ ಇದೆ. ಪಕ್ಕದಲ್ಲಿ "ಇದು ತಪ್ಪು" ಅಂತ ಟಿಪ್ಪಣಿ, ಸರಿಯಾದ ಹೆಸರು ಪರ್ಯಾಯವಾಗಿ. ತಪ್ಪನ್ನು ಮುಚ್ಚಿಡದೆ ಎಲ್ಲರಿಗೂ ಕಾಣೋ ಹಾಗೆ ಬರೆದಿಟ್ಟಿದ್ದಾರೆ.

ಅಂಗಡಿ ಅಣ್ಣನ ಹುಡುಕಾಟ ಈಗ ಸರಿಯಾಗಿದೆ. ಆದರೆ ಆಗಲೇ ಎರಡಾಗಿ ಒಡೆದ ಹಳೇ ಲೆಕ್ಕಗಳನ್ನು ಒಂದು ಮಾಡುವ ಸೌಲಭ್ಯ ಇನ್ನೂ ಬಂದಿಲ್ಲ. ದುಡ್ಡಿನ ವಿಷಯ, ಎರಡು ಲೆಕ್ಕ ಸೇರಿಸುವಾಗ ನಿಜಕ್ಕೂ ಇಬ್ಬರು ಬೇರೆ ಮಂಜುನಾಥ್ ಇದ್ದರೆ ಏನು ಗತಿ ಅಂತ ಚರ್ಚೆ ನಡೀತಾ ಇದೆ. ಅದಕ್ಕೆ ಬೇರೆ ಇಶ್ಯೂ ತೆರೆದು ಅಣ್ಣನಿಗೆ ನಂಬರ್ ಕೊಟ್ಟಿದ್ದೇನೆ. ಅದನ್ನು ಅವರು ಗಲ್ಲಾಪೆಟ್ಟಿಗೆ ಮೇಲಿನ ಕ್ಯಾಲೆಂಡರ್‌ನಲ್ಲಿ ಪೆನ್ನಿನಿಂದ ಬರೆದುಕೊಂಡಿದ್ದಾರೆ. ನಾನು ಊರಿಗೆ ಹೋದಾಗಲೆಲ್ಲ ಹಾಲು ಕೊಡೋ ಮೊದಲು ಆ ಕಡೆ ಕೈ ತೋರಿಸ್ತಾರೆ.