ಎಚ್‌ಐವಿಯ ಪಾಠಾಂತರಗಳು: ವೈರಾಣು, ವಂಶವಾಹಿ ಮತ್ತು ವಿವಾಹದ ವಲಯ

ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲ್ಲೂಕಿನ ಬೆಲ್ಲದ ಬಾಗೇವಾಡಿ ಕಬ್ಬಿನ ಸೀಮೆಯ ಊರು. ಈ ಸೀಮೆಯ ಜನ ಸವದತ್ತಿಯ ಎಲ್ಲಮ್ಮನಿಗೆ ನಡೆದುಕೊಳ್ಳುವವರು. ದುಡಿಮೆಗಾಗಿ ಮಹಾರಾಷ್ಟ್ರ, ಗೋವೆಗಳಿಗೆ ಹೋಗಿಬರುವವರು. ಕರ್ನಾಟಕದಲ್ಲಿ ಎಚ್‌ಐವಿ ಸೋಂಕಿನ ಪೆಟ್ಟನ್ನು ಹೆಚ್ಚಾಗಿ ಉಂಡ ಪ್ರದೇಶಗಳಲ್ಲಿ ಬೆಳಗಾವಿ, ಬಾಗಲಕೋಟೆಗಳ ಈ ಭಾಗವೂ ಸೇರಿದೆ. ಬಾಗಲಕೋಟೆ ಜಿಲ್ಲೆಯಲ್ಲಿ 2003ರಲ್ಲಿ ನಡೆದ ಸಮೀಕ್ಷೆಯು ವಯಸ್ಕರಲ್ಲಿ ಶೇಕಡಾ 3ರ ಸಮೀಪದ ಸೋಂಕನ್ನು ಗುರುತಿಸಿತ್ತು. ಇಂಥ ಕಾಯಿಲೆ ಬಂದಾಗ ಸಮಾಜವು ಕುಲವನ್ನೂ ರಕ್ತವನ್ನೂ ದೂರುವುದು, ದೇವದಾಸಿ ಪದ್ಧತಿಗೆ ಬಲಿಯಾದ ಹೆಣ್ಣಿನ ಮೇಲೆ ತಪ್ಪು ಹೊರಿಸುವುದು ಹೊಸತಲ್ಲ. ಆದ್ದರಿಂದ ಹುಟ್ಟಿನಿಂದ ಬರುವ ವಂಶವಾಹಿಗೂ ಈ ವೈರಾಣುವಿಗೂ ಇರುವ ನಿಜವಾದ ಸಂಬಂಧವನ್ನು ಅರಿಯುವುದು ಅವಶ್ಯ.

ಮನುಷ್ಯನ ಜೀವಕೋಶಗಳ ಮೇಲ್ಮೈಯಲ್ಲಿ ಎಚ್‌ಎಲ್‌ಎ ಎಂಬ ಅಣುಗಳಿರುತ್ತವೆ. ಕೋಶದೊಳಗೆ ವೈರಾಣು ಸೇರಿದ್ದರೆ ಅದರ ಪ್ರೋಟೀನಿನ ಚಿಕ್ಕ ತುಣುಕನ್ನು ಇವು ಹೊರಗೆ ಎತ್ತಿ ತೋರಿಸುತ್ತವೆ. ಆ ಗುರುತನ್ನು ಕಂಡ ಟಿ ಕೋಶಗಳು ಸೋಂಕಿತ ಕೋಶವನ್ನು ಕೊಲ್ಲುತ್ತವೆ. ತಂದೆತಾಯಿಗಳಿಂದ ಬರುವ ಈ ಎಚ್‌ಎಲ್‌ಎ ವಂಶವಾಹಿಗಳಲ್ಲಿ ಸಾವಿರಾರು ಬಗೆಗಳಿದ್ದು, ಅವು ತೋರಿಸುವ ತುಣುಕುಗಳೂ ಬೇರೆ ಬೇರೆ. ಇತ್ತ ಎಚ್‌ಐವಿ ತನ್ನ ಪ್ರತಿಗಳನ್ನು ಮಾಡಿಕೊಳ್ಳುವಾಗ ತಪ್ಪುಗಳಾಗುತ್ತವೆ. ಅವನ್ನು ತಿದ್ದುವ ವ್ಯವಸ್ಥೆ ಅದಕ್ಕಿಲ್ಲ. ಆ ತಪ್ಪಿನಿಂದಲೇ ಗುರುತಿನ ತುಣುಕು ಬದಲಾದ ವೈರಾಣು ಟಿ ಕೋಶಗಳ ಕಣ್ಣು ತಪ್ಪಿಸಿ ಉಳಿಯುತ್ತದೆ, ಮತ್ತೊಬ್ಬರಿಗೆ ದಾಟುತ್ತದೆ.

ಜಾನಪದದ ಪರಿಭಾಷೆಯಲ್ಲಿ ಇದನ್ನು ಪಾಠಾಂತರವೆನ್ನಬಹುದು. ಜೋಗತಿಯರ ಚೌಡಿಕೆ ಪದ ಊರಿಂದೂರಿಗೆ ಸಾಗುವಾಗ ಕೇಳುಗರಿಗೆ ಒಗ್ಗುವ ಭಾಗ ಉಳಿದು, ಒಗ್ಗದ ಭಾಗ ಜಾರಿಹೋಗುತ್ತದೆ. ಆದರೆ ಒಂದು ವ್ಯತ್ಯಾಸವನ್ನು ಮರೆಯಲಾಗದು. ಹಾಡುವವಳು ಅರಿತು ಬದಲಿಸಬಲ್ಲಳು. ವೈರಾಣುವಿಗೆ ಅರಿವೂ ಇಲ್ಲ, ಉದ್ದೇಶವೂ ಇಲ್ಲ. ಉಳಿದ ಪಾಠವಷ್ಟೇ ಹರಡುತ್ತದೆ.

ಐದು ಖಂಡಗಳ ಒಂಬತ್ತು ಜನಗುಂಪುಗಳನ್ನು ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನವು ಈ ಪ್ರಕ್ರಿಯೆಯನ್ನು ಸ್ಪಷ್ಟಪಡಿಸಿತು. ಬಿ51 ಎಂಬ ಎಚ್‌ಎಲ್‌ಎ ಬಗೆ ಹೆಚ್ಚಾಗಿರುವ ಸಮುದಾಯಗಳಲ್ಲಿ, ಅದರಿಂದ ತಪ್ಪಿಸಿಕೊಳ್ಳುವ ಮಾರ್ಪಾಡೂ ವೈರಾಣುವಿನಲ್ಲಿ ಹೆಚ್ಚಾಗಿತ್ತು. ಜಪಾನಿನಲ್ಲಿ 1980ರ ದಶಕದಲ್ಲಿ ಸೋಂಕಿತರಾದವರಿಗೆ ರಕ್ಷಣೆ ನೀಡಿದ್ದ ಬಿ51, ತರುವಾಯ ಸೋಂಕಿತರಾದವರಲ್ಲಿ ಆ ಶಕ್ತಿಯನ್ನು ಕಳೆದುಕೊಂಡಿತ್ತು. ಬೋಟ್ಸ್‌ವಾನಾದಲ್ಲಿಯೂ ಬಿ57ರ ರಕ್ಷಣೆ ಕುಂದಿರುವುದನ್ನು 2014ರ ಅಧ್ಯಯನವೊಂದು ತೋರಿಸಿತು. ಆದರೆ ಅಲ್ಲಿನ ವೈರಾಣುವಿನ ವೃದ್ಧಿಯ ಸಾಮರ್ಥ್ಯ ದಕ್ಷಿಣ ಆಫ್ರಿಕದ ಡರ್ಬನ್ನಿನದಕ್ಕಿಂತ ಕಡಿಮೆಯಿತ್ತು. ಹೊಂದಿಕೊಳ್ಳುವಾಗ ವೈರಾಣುವೂ ಏನನ್ನಾದರೂ ತೆರಬೇಕಾಗುತ್ತದೆ.

ಭಾರತದ ಸಂದರ್ಭ ಇನ್ನಷ್ಟು ಸಂಕೀರ್ಣವಾದುದು. ಇಲ್ಲಿ ಬಹುಪಾಲು ಕಂಡುಬರುವುದು ಎಚ್‌ಐವಿಯ ಸಿ ಉಪಬಗೆ. ದಕ್ಷಿಣ ಆಫ್ರಿಕದಲ್ಲಿ ಪ್ರಧಾನವಾಗಿರುವುದೂ ಇದೇ. ಆದರೆ ಅದನ್ನು ಎದುರುಗೊಳ್ಳುವ ವಂಶವಾಹಿಗಳು ಒಂದೇ ಅಲ್ಲ. ಆಫ್ರಿಕದಲ್ಲಿ ಬಿ57:03 ಹೆಚ್ಚು ಪರಿಚಿತ, ಭಾರತದಲ್ಲಿ ಬಿ57:01. ಜಾತಿಯೊಳಗೇ ಮದುವೆ, ಸೋದರಮಾವನೊಡನೆ ಅಥವಾ ಅವನ ಮಕ್ಕಳೊಡನೆ ಸಂಬಂಧ ಬೆಳೆಸುವ ರೂಢಿ ಉತ್ತರ ಕರ್ನಾಟಕದಲ್ಲಿ ಬಹುಕಾಲದಿಂದ ಇದೆ. ಇಂಥ ವಿವಾಹದ ವಲಯಗಳು ಸಮುದಾಯದಿಂದ ಸಮುದಾಯಕ್ಕೆ ಎಚ್‌ಎಲ್‌ಎ ಬಗೆಗಳ ಪ್ರಮಾಣವನ್ನು ಬೇರೆಯಾಗಿಸುತ್ತವೆ. ಈ ತಿಳಿವಳಿಕೆಯ ಪ್ರಯೋಜನ ಚಿಕಿತ್ಸೆಯಲ್ಲಿಯೂ ಉಂಟು: ಬಿ57:01 ಇರುವವರಿಗೆ ಅಬಕಾವಿರ್ ಎಂಬ ಔಷಧಿ ಅಪಾಯಕಾರಿ ಒವ್ವಿಕೆಯನ್ನು ತರಬಲ್ಲದು.

ಹೀಗೆಂದು ಯಾವ ಕುಲವೂ ಸುರಕ್ಷಿತವೆಂದಾಗಲಿ, ದೋಷಿಯೆಂದಾಗಲಿ ಅರ್ಥವಲ್ಲ. ಒಂದೇ ಸಮುದಾಯದ ಒಬ್ಬರಿಗೊಬ್ಬರ ವಂಶವಾಹಿಯಲ್ಲಿಯೂ ಭೇದವಿರುತ್ತದೆ. ಯಾವ ಎಚ್‌ಎಲ್‌ಎ ಬಗೆಯೂ ಸೋಂಕು ತಗುಲದಂತೆ ಕಾಯುವ ಕವಚವಲ್ಲ. ಅದು ತಗುಲಿದ ನಂತರದ ರೋಗದ ಗತಿಯನ್ನಷ್ಟೇ ಹೆಚ್ಚುಕಡಿಮೆ ಮಾಡಬಲ್ಲದು. ಸೋಂಕು ಹರಡಿದ ಹಾದಿಯಲ್ಲಿ ಬಡತನ, ವಲಸೆ, ಹೆಣ್ಣಿನ ಅಸಹಾಯಕತೆಗಳು ನಿಂತಿವೆ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕರ್ನಾಟಕದ ಕಾಯಿದೆ ರೂಪುಗೊಂಡುದು 1982ರಲ್ಲಿ. ದೇಶದಲ್ಲಿ ಉಚಿತ ಎಆರ್‌ಟಿ ಚಿಕಿತ್ಸೆ ಆರಂಭವಾದುದು 2004ರಲ್ಲಿ. ಸೋಂಕಿತರ ವಿರುದ್ಧದ ತಾರತಮ್ಯವನ್ನು ತಡೆಯುವ ಕಾಯಿದೆ ಬಂದುದು 2017ರಲ್ಲಿ. ಎಚ್‌ಎಲ್‌ಎ ಬಗೆ ಯಾವುದೇ ಇರಲಿ, ತಪ್ಪದೆ ಸೇವಿಸಿದರೆ ಈ ಚಿಕಿತ್ಸೆಯು ವೈರಾಣುವನ್ನು ಹತ್ತಿಕ್ಕುತ್ತದೆ. ಲಸಿಕೆಯ ಶೋಧದಲ್ಲಿ ಮಾತ್ರ ಸ್ಥಳೀಯ ಪಾಠಗಳ ಅಧ್ಯಯನ ಅನಿವಾರ್ಯ. ಆ ಅಧ್ಯಯನಕ್ಕೆ ರಕ್ತದ ಮಾದರಿಯಷ್ಟೇ ಸಾಲದು. ಯಾರು ಯಾರೊಡನೆ ಸಂಬಂಧ ಬೆಳೆಸುತ್ತಾರೆ, ದುಡಿಮೆಗೆ ಎಲ್ಲಿಗೆ ಹೋಗುತ್ತಾರೆ ಎಂಬ ಜನಜೀವನದ ಅರಿವೂ ಅದರ ಜೊತೆಗಿರಬೇಕಾಗುತ್ತದೆ.