ನಿರ್ಣಾದಲ್ಲೊಂದು ಡಿಜಿಟಲ್ ನೋಡ್: ಪೆಟ್ಟಿಗೆ ಸುಲಭ, ಪರವಾನಗಿ ದೂರ

"ಕೈಯಲ್ಲಿ ಮೊಬೈಲ್ ಐತಿ, ವಾಟ್ಸ್‌ಆ್ಯಪ್ ಐತಿ, ಈಗ ಹ್ಯಾಮ್ ರೇಡಿಯೊ ಯಾಕ್ರೀ?" ಬೀದರ್ ಕಡೆಯ ಇಂಜಿನಿಯರಿಂಗ್ ಹುಡುಗರ ಹತ್ತಿರ ಈ ವಿಷಯ ತೆಗೆದಾಗೆಲ್ಲ ನನಗೆ ಎದುರಾಗುವ ಮೊದಲ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ನನ್ನ ಉತ್ತರ ಚಿಕ್ಕದು: ಮೊಬೈಲ್‌ನಲ್ಲಿ ನೀವು ಗ್ರಾಹಕರು, ಹ್ಯಾಮ್ ರೇಡಿಯೊದಲ್ಲಿ ನೀವೇ ನಿಲಯದ ಯಜಮಾನರು.

ಮೊಬೈಲ್ ಸಿಗ್ನಲ್ ಹರಿಯುವ ತರಂಗಾಂತರವನ್ನು ಕಂಪನಿಗಳು ಹರಾಜಿನಲ್ಲಿ ಕೊಂಡಿವೆ. ನೀವು ರೀಚಾರ್ಜ್ ಮಾಡಿಸಿದಷ್ಟು ದಿನ ಅವು ನಿಮಗೆ ಬಾಡಿಗೆಗೆ ಕೊಡುತ್ತವೆ. ಆದರೆ 1995ರ ಫೆಬ್ರವರಿಯಲ್ಲಿ, ಬಂಗಾಳದ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಒಂದು ಮಾತು ಸ್ಪಷ್ಟವಾಗಿ ಹೇಳಿತ್ತು: ರೇಡಿಯೊ ತರಂಗಗಳು ಸಾರ್ವಜನಿಕ ಆಸ್ತಿ. ಆ ಆಸ್ತಿಯ ಒಂದು ಸಣ್ಣ ತುಂಡಿನಲ್ಲಿ, ಹರಾಜಿಲ್ಲದೆ, ಕಂಪನಿ ಕಟ್ಟದೆ, ಸಾಮಾನ್ಯ ನಾಗರಿಕರೊಬ್ಬರು ತಾವೇ ಪ್ರಸಾರಕ ಯಂತ್ರ ಇಟ್ಟುಕೊಳ್ಳಲು ಅವಕಾಶ ಇರುವುದು ಹವ್ಯಾಸಿ ರೇಡಿಯೊದಲ್ಲಿ. ಪರೀಕ್ಷೆ ಬರೆಯಬೇಕು, ಪರವಾನಗಿ ಪಡೆಯಬೇಕು, ಅಷ್ಟೇ. 12 ವರ್ಷ ತುಂಬಿದ ಯಾರು ಬೇಕಾದರೂ ಬರೆಯಬಹುದು.

ಈ ಹಕ್ಕು ಕಾಗದದ ಮೇಲೆ ಎಲ್ಲರಿಗೂ ಒಂದೇ. ನಡೆದು ತಲುಪುವ ದಾರಿ ಮಾತ್ರ ಒಂದೇ ಅಲ್ಲ. ಅದನ್ನು ನೋಡೋಕೆ ಒಂದು ಊರು ಇಟ್ಟುಕೊಂಡು ಲೆಕ್ಕ ಹಾಕೋಣ. ಬೀದರ್ ಜಿಲ್ಲೆಯ ನಿರ್ಣಾ. ಮೊದಲು ಹುಮನಾಬಾದ್ ತಾಲ್ಲೂಕಿನಲ್ಲಿತ್ತು, ಈಗ ಚಿಟಗುಪ್ಪ ತಾಲ್ಲೂಕು. ಈ ಊರಲ್ಲಿ ಒಂದು ಡಿಜಿಟಲ್ ವಾಯ್ಸ್ ನೋಡ್ ಹಾಕಬೇಕು ಅಂದರೆ ಏನೇನು ಬೇಕು?

ನೋಡ್ ಅಂದರೆ ಏನು?

ಹಳೆಯ ಎಫ್‌ಎಂ ವಾಕಿಟಾಕಿಯಲ್ಲಿ ನಿಮ್ಮ ದನಿಯ ಏರಿಳಿತವೇ ತರಂಗದ ಏರಿಳಿತವಾಗಿ ಹೋಗುತ್ತದೆ. ಡಿಜಿಟಲ್ ರೇಡಿಯೊದಲ್ಲಿ ದನಿಯನ್ನು ಮೊದಲು ಒಂದು-ಸೊನ್ನೆಗಳಾಗಿ ಮಾಡಿ, ಹಿಂಡಿ, ಆಮೇಲೆ ಕಳಿಸುತ್ತಾರೆ. ಈ ಹಿಂಡುವ ಕೆಲಸ ಮಾಡುವುದು ಕೊಡೆಕ್. ಡಿಎಂಆರ್ ಎಂಬ ಪದ್ಧತಿಯಲ್ಲಿ 12.5 ಕಿಲೋಹರ್ಟ್ಸ್‌ನ ಒಂದೇ ಚಾನೆಲ್ಲನ್ನು 30 ಮಿಲಿಸೆಕೆಂಡ್‌ಗಳ ಸರದಿಯಲ್ಲಿ ಹಂಚಿ ಎರಡು ಮಾತುಕತೆ ಓಡಿಸಬಹುದು. ಜಪಾನಿನ ಹ್ಯಾಮ್‌ಗಳ ಸಂಘ ರೂಪಿಸಿದ ಡಿ-ಸ್ಟಾರ್, ಯಾಸು ಕಂಪನಿಯ ಸಿಸ್ಟಂ ಫ್ಯೂಷನ್ ಇದೇ ಕುಟುಂಬದವು.

ದನಿ ಒಮ್ಮೆ ಡೇಟಾ ಆದರೆ ಅದನ್ನು ಇಂಟರ್‌ನೆಟ್‌ಗೂ ಹತ್ತಿಸಬಹುದು. ನೋಡ್ ಮಾಡುವುದು ಅದನ್ನೇ. ಒಂದು ಕಡೆ ರೇಡಿಯೊ, ಇನ್ನೊಂದು ಕಡೆ ಇಂಟರ್‌ನೆಟ್, ನಡುವೆ ಒಂದು ಸೇತುವೆ. ಕೈಯಲ್ಲಿರುವ ಸೆಟ್ಟಿನ ಬಟನ್ ಒತ್ತಿ ಮಾತಾಡಿದರೆ ನೋಡ್ ಅದನ್ನು ಹಿಡಿದು ಸರ್ವರ್‌ಗೆ ದಾಟಿಸುತ್ತದೆ. ಅಲ್ಲಿಂದ ಅದು ಮೈಸೂರಿನ ನೋಡ್‌ಗೂ ಹೋಗಬಹುದು, ಮಸ್ಕತ್‌ನ ನೋಡ್‌ಗೂ ಹೋಗಬಹುದು.

ಸಾಮಾನು ಹೆಚ್ಚೇನಿಲ್ಲ. ಒಂದು ರಾಸ್ಪ್‌ಬೆರಿ ಪೈ, ಅದರ ತಲೆಯ ಮೇಲೆ ಕೂರುವ ಎಂಎಂಡಿವಿಎಂ ಎಂಬ ಮೋಡೆಮ್ ಬೋರ್ಡ್, ಪೈ-ಸ್ಟಾರ್‌ನಂಥ ಉಚಿತ ಸಾಫ್ಟ್‌ವೇರ್, ಒಂದು ಪುಟ್ಟ ಆಂಟೆನಾ. ಇದಕ್ಕೆ ಹಾಟ್‌ಸ್ಪಾಟ್ ಅಂತಾರೆ. ಶಕ್ತಿ ಸುಮಾರು 10 ಮಿಲಿವ್ಯಾಟ್, ಮನೆ ಮತ್ತು ಅಂಗಳಕ್ಕೆ ಸಾಕು. ಇಡೀ ಊರಿಗೆ ಬೇಕಾದರೆ ಹೆಚ್ಚು ಶಕ್ತಿಯ ರೇಡಿಯೊ, ಎತ್ತರದ ಆಂಟೆನಾ ಬೇಕು. ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿ ಅದೇ ಕ್ಷಣ ಇನ್ನೊಂದರಲ್ಲಿ ಹೇಳುವ ಯಂತ್ರವಾದರೆ ಅದು ರಿಪೀಟರ್.

ಮೊದಲು ಪರೀಕ್ಷೆ

ಪೆಟ್ಟಿಗೆ ತರಿಸುವುದು ಕೊನೆಯ ಹೆಜ್ಜೆ ಆಗಬೇಕು. ಮೊದಲ ಹೆಜ್ಜೆ ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಪರೀಕ್ಷೆ. ಅರ್ಜಿ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ದರ್ಜೆ ಎರಡು. ರಿಸ್ಟ್ರಿಕ್ಟೆಡ್ ದರ್ಜೆಗೆ ರೇಡಿಯೊ ಸಿದ್ಧಾಂತ ಮತ್ತು ನಿಯಮಗಳ ಪತ್ರಿಕೆ ಸಾಕು, ಕಾಲ್‌ಸೈನ್ ವಿಯು3 ಅಂತ ಶುರುವಾಗುತ್ತದೆ. ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದ ವೇಗದ ಮೋರ್ಸ್ ಕೂಡ ಬೇಕು, ಕಾಲ್‌ಸೈನ್ ವಿಯು2. ಮೋರ್ಸ್ ಕಡ್ಡಾಯ ಎಂಬ ಅಂತರರಾಷ್ಟ್ರೀಯ ಷರತ್ತು 2003ರಲ್ಲೇ ಹೋಗಿದೆ, ಉಳಿಸಿಕೊಳ್ಳುವುದು ಆಯಾ ದೇಶಕ್ಕೆ ಬಿಟ್ಟದ್ದು. ಡಿಜಿಟಲ್ ನೋಡ್ ಗುರಿಯಾದರೆ ರಿಸ್ಟ್ರಿಕ್ಟೆಡ್‌ನಿಂದ ಶುರು ಮಾಡಿ.

ಪರವಾನಗಿ ಶುಲ್ಕ 20 ವರ್ಷಕ್ಕೆ 1000 ರೂಪಾಯಿ, ಜೀವನಪರ್ಯಂತ 2000 ರೂಪಾಯಿ ಎಂಬುದು 1978ರ ಹವ್ಯಾಸಿ ರೇಡಿಯೊ ನಿಯಮಗಳ ತಿದ್ದುಪಡಿಯಲ್ಲಿ ಬಂದ ಲೆಕ್ಕ. 1885ರ ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದಿರುವುದರಿಂದ ನಿಯಮಗಳು ಒಂದೊಂದಾಗಿ ಹೊಸದಾಗುತ್ತಿವೆ. ಅರ್ಜಿ ಹಾಕುವ ದಿನ ಪೋರ್ಟಲ್‌ನಲ್ಲಿ ಇರುವುದೇ ಅಂತಿಮ.

ಶುಲ್ಕ ದೊಡ್ಡದಲ್ಲ, ದಾರಿ ದೊಡ್ಡದು. ಪರೀಕ್ಷೆ ನಡೆಸುವುದು ಕೇಂದ್ರದ ವೈರ್‌ಲೆಸ್ ಮಾನಿಟರಿಂಗ್ ಕಚೇರಿಗಳು. ಕರ್ನಾಟಕದಲ್ಲಿ ಅವು ಇರುವುದು ಬೆಂಗಳೂರು, ಮಂಗಳೂರಿನಲ್ಲಿ. ನಿರ್ಣಾದವರಿಗೆ ಎರಡೂ ಒಂದು ರಾತ್ರಿಯ ಪ್ರಯಾಣಕ್ಕಿಂತ ಕಡಿಮೆ ಇಲ್ಲ. ಹೈದರಾಬಾದ್‌ಗಾದರೆ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆಚೂರ್ ರೇಡಿಯೊ ಇರುವುದೂ ಅಲ್ಲೇ. ಅಂದರೆ ಕಲ್ಯಾಣ ಕರ್ನಾಟಕದ ಹುಡುಗಿಯೊಬ್ಬಳು ಹ್ಯಾಮ್ ಆಗಬೇಕಾದರೆ ಪಕ್ಕದ ರಾಜ್ಯದ ರಾಜಧಾನಿಯೇ ಹತ್ತಿರ.

ಕರ್ನಾಟಕಕ್ಕೆ ಈ ವಿದ್ಯೆ ಹೊಸದಾಗಿದ್ದರೆ ಈ ಮಾತು ಬೇರೆ. ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್ ಹುಟ್ಟಿದ್ದು 1959ರಲ್ಲಿ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಬೆಂಗಳೂರಿನಲ್ಲೇ ತರಬೇತಿ ಕೊಡುತ್ತ ಬಂದಿದೆ. ಹ್ಯಾಮ್‌ಗಳಿಗಾಗಿಯೇ ಇಸ್ರೋ ಮಾಡಿದ ಹ್ಯಾಮ್‌ಸ್ಯಾಟ್ ಉಪಗ್ರಹ 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6ರಲ್ಲಿ ಹಾರಿ 2014ರವರೆಗೆ ಕೆಲಸ ಮಾಡಿತು. ರಾಜ್ಯದ ರಾಜಧಾನಿಯಲ್ಲಿ ಅರವತ್ತು ವರ್ಷಕ್ಕೂ ಹಳೆಯದಾದ ಈ ಪರಂಪರೆ ಬೀದರ್‌ವರೆಗೆ ಹರಿದು ಬರಲಿಲ್ಲ ಅನ್ನುವುದೇ ನನ್ನ ತಕರಾರು.

ಕಾಲ್‌ಸೈನ್ ಬಂದ ಮೇಲೆ

ಪರವಾನಗಿ ಕೈಗೆ ಬಂತು ಅಂದುಕೊಳ್ಳಿ. ಡಿಎಂಆರ್ ಜಾಲದಲ್ಲಿ ಪ್ರತಿ ಹ್ಯಾಮ್‌ಗೂ 7 ಅಂಕಿಯ ಗುರುತಿನ ಸಂಖ್ಯೆ ಬೇಕು. ಪರವಾನಗಿಯ ಪ್ರತಿ ಅಪ್‌ಲೋಡ್ ಮಾಡಿದರೆ ಉಚಿತವಾಗಿ ಸಿಗುತ್ತದೆ. ಭಾರತದವರದ್ದು 404ರಿಂದ ಶುರು. ಬ್ರ್ಯಾಂಡ್‌ಮೈಸ್ಟರ್ ಜಾಲದಲ್ಲಿ ಭಾರತದ ಹರಟೆಕಟ್ಟೆಯ ಸಂಖ್ಯೆಯೂ 404.

ಮುಂದಿನದು ಫ್ರೀಕ್ವೆನ್ಸಿ. ಇಲ್ಲಿ ವಿದೇಶಿ ಯೂಟ್ಯೂಬ್ ವಿಡಿಯೊ ನೋಡಿ ಹಾಗೇ ನಕಲು ಮಾಡುವಂತಿಲ್ಲ. ಅಮೆರಿಕದ ಹ್ಯಾಮ್‌ಗೆ 420ರಿಂದ 450 ಮೆಗಾಹರ್ಟ್ಸ್ ಇದೆ. ನಮಗೆ ಇರುವುದು 434ರಿಂದ 438 ಮಾತ್ರ. ಅದರಲ್ಲೂ 435ರಿಂದ 438ರಲ್ಲಿ ಹವ್ಯಾಸಿ ಉಪಗ್ರಹಗಳು ಮಾತಾಡುತ್ತವೆ, ಅಲ್ಲಿ ಗದ್ದಲ ಮಾಡಬಾರದು. ಉಳಿಯುವುದು 434ರಿಂದ 435ರ ಒಂದು ಮೆಗಾಹರ್ಟ್ಸ್. ಇಲ್ಲವೇ 144-146ರ ಬ್ಯಾಂಡ್. ಹತ್ತಿರದ ಹ್ಯಾಮ್‌ಗಳನ್ನು ಕೇಳಿ, ಖಾಲಿ ಜಾಗ ನೋಡಿ ಕೂತುಕೊಳ್ಳಿ.

ಆಮೇಲೆ ಹೊಣೆ. ಕಾನೂನಿನ ಕಣ್ಣಿನಲ್ಲಿ ನೋಡ್ ಒಂದು ಆಟಿಕೆಯಲ್ಲ. ಜರ್ಮನಿಯಲ್ಲಿ ಯಾರೋ ಮಾತಾಡಿದ್ದು ನಿಮ್ಮ ಛಾವಣಿಯ ಆಂಟೆನಾದಿಂದ ಹೊರಬಿದ್ದರೆ, ಆ ತರಂಗ ನಿಮ್ಮದು, ಕಾಲ್‌ಸೈನ್ ನಿಮ್ಮದು, ಜವಾಬು ನಿಮ್ಮದು. ಅದಕ್ಕೇ ಲಾಗ್‌ಬುಕ್ ಇಡಬೇಕು, ನೋಡನ್ನು ದೂರದಿಂದಲೇ ಆಫ್ ಮಾಡುವ ದಾರಿ ಇರಬೇಕು. ನೋಡ್ ಬಗ್ಗೆ, ಅದರಲ್ಲೂ ಕಾವಲಿಲ್ಲದೆ ಓಡುವ ರಿಪೀಟರ್ ಬಗ್ಗೆ, ಡಬ್ಲ್ಯುಪಿಸಿಗೆ ಮೊದಲೇ ಬರೆದು ಲಿಖಿತ ಉತ್ತರ ಇಟ್ಟುಕೊಳ್ಳುವುದು ಕ್ಷೇಮ. ಸ್ವಂತಕ್ಕಿಂತ ಕ್ಲಬ್ ಹೆಸರಿನ ಪರವಾನಗಿ ಇದಕ್ಕೆ ಹೆಚ್ಚು ಹೊಂದುತ್ತದೆ.

ಪರೀಕ್ಷೆ ಯಾಕೆ, ಆನ್‌ಲೈನ್‌ನಲ್ಲಿ ಸೆಟ್ ತರಿಸಿ ಮಾತಾಡಿದರೆ ಏನಾಗುತ್ತೆ ಅಂತೀರಾ? ಪರವಾನಗಿ ಬೇಕು ಅನ್ನುವುದನ್ನೇ ಹೇಳದೆ ವಾಕಿಟಾಕಿ ಮಾರುತ್ತಿದ್ದ ಇ-ಕಾಮರ್ಸ್ ತಾಣಗಳಿಗೆ 2025ರ ಮೇನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನೋಟಿಸ್ ಕೊಟ್ಟಿತು. ಪರವಾನಗಿ ಇಲ್ಲದೆ ಬಳಸಲು ಬಿಟ್ಟಿರುವುದು 446.0ರಿಂದ 446.2 ಮೆಗಾಹರ್ಟ್ಸ್‌ನಂಥ ಕೆಲವೇ ಕಿರಿದಾದ ಪಟ್ಟಿಗಳಲ್ಲಿ, ಕಡಿಮೆ ಶಕ್ತಿಯಲ್ಲಿ. ಅದರಾಚೆ ಹೋದರೆ ಕೇಸ್.

ನೆಟ್ ಹೋದರೆ?

ಈಗ ಮುಖ್ಯ ಮಾತು. ನೋಡ್ ಬಗ್ಗೆ ಬರೆಯುವ ಹಲವರು ಇದನ್ನು ಆಪತ್ಕಾಲದ ಸಂಪರ್ಕ ಅಂತ ಹೊಗಳುತ್ತಾರೆ. ಅರ್ಧ ಸತ್ಯ. ನೋಡ್‌ನ ಒಂದು ಕಾಲು ಇಂಟರ್‌ನೆಟ್‌ನಲ್ಲಿದೆ. ನೆಟ್ ಹೋದರೆ ಸಾದಾ ಹಾಟ್‌ಸ್ಪಾಟ್ ಬರೀ ಪೆಟ್ಟಿಗೆ. ಆ ಹೊತ್ತಿನಲ್ಲೂ ಉಳಿಯುವುದು ಎರಡು: ಸೆಟ್‌ನಿಂದ ಸೆಟ್‌ಗೆ ನೇರ ಮಾತು, ಮತ್ತು ಸ್ಥಳೀಯವಾಗಿ ಕೇಳಿ ಹೇಳುವ ರಿಪೀಟರ್.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ನೆಲಸಮವಾಯಿತು. ಬಸವಕಲ್ಯಾಣದಿಂದ ನೇರ ಗೆರೆ ಎಳೆದರೆ ಕಿಲ್ಲಾರಿ ಸುಮಾರು 50 ಕಿಲೋಮೀಟರ್. ಸಾವಿರಾರು ಜನ ಸತ್ತ ಆ ಭೂಕಂಪದ ನಂತರ ಪರಿಹಾರದ ಸಂದೇಶ ದಾಟಿಸಲು ಹ್ಯಾಮ್‌ಗಳು ನಿಂತಿದ್ದರು. 2004ರ ಡಿಸೆಂಬರ್‌ನಲ್ಲಿ ಸುನಾಮಿ ಬಂದಾಗ ಭಾರತಿ ಪ್ರಸಾದ್ ವಿಯು4ಆರ್‌ಬಿಐ ಕಾಲ್‌ಸೈನ್ ಹಿಡಿದು ಪೋರ್ಟ್ ಬ್ಲೇರ್‌ನಲ್ಲಿದ್ದರು. ಫೋನ್ ಸತ್ತ ದ್ವೀಪಗಳಿಂದ ಸುದ್ದಿ ಹೊರಬಂದ ದಾರಿಗಳಲ್ಲಿ ಅವರ ರೇಡಿಯೊ ಒಂದು. ಆಗ ಕೆಲಸಕ್ಕೆ ಬಂದದ್ದು ನೇರ ರೇಡಿಯೊ, ಸರ್ವರ್ ಅಲ್ಲ.

ಆದ್ದರಿಂದ ನಿರ್ಣಾದ ವಿನ್ಯಾಸ ತಲೆಕೆಳಗಿರಬೇಕು: ಮೊದಲು ಸ್ಥಳೀಯ ರೇಡಿಯೊ, ಆಮೇಲೆ ಇಂಟರ್‌ನೆಟ್. ಅನುಮತಿ ಪಡೆದು ಓವರ್‌ಹೆಡ್ ಟ್ಯಾಂಕಿನ ಮೇಲೆ 20 ಮೀಟರ್ ಎತ್ತರದಲ್ಲಿ ಆಂಟೆನಾ ಕಟ್ಟಿದರೆ, ನೆಲದ ಮೇಲೆ ಸೆಟ್ ಹಿಡಿದವರಿಗೆ ಲೆಕ್ಕದ ಪ್ರಕಾರ ಸುಮಾರು 23 ಕಿಲೋಮೀಟರ್ ದೂರದವರೆಗೆ ರೇಡಿಯೊ ದಿಗಂತ ಸಿಗುತ್ತದೆ. ಮರ, ಕಟ್ಟಡ, ತಗ್ಗು ಬಂದರೆ ಕಡಿಮೆಯಾಗುತ್ತದೆ, ಆದರೂ ಸುತ್ತಲಿನ ಹಳ್ಳಿಗಳು ಬಂದವು. ಕರೆಂಟ್‌ನದ್ದು ಬೇರೆ ಲೆಕ್ಕ: 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯ ಅರ್ಧ ಬಳಸಿದರೂ 5 ವ್ಯಾಟ್ ತಿನ್ನುವ ಹಾಟ್‌ಸ್ಪಾಟ್ 8 ಗಂಟೆ ಓಡುತ್ತದೆ. ರಿಪೀಟರ್‌ಗೆ ದೊಡ್ಡ ಬ್ಯಾಟರಿ, ಮೇಲೊಂದು ಸೋಲಾರ್ ಪ್ಯಾನಲ್ ಬೇಕು. ಏಪ್ರಿಲ್-ಮೇ ಸಿಡಿಲಿನ ಸೀಮೆ ಇದು, ಆಂಟೆನಾಗೆ ಅರ್ಥಿಂಗ್ ಇಲ್ಲದೆ ಒಂದು ದಿನವೂ ಬಿಡಬೇಡಿ.

ಇದು ಚಳವಳಿಯ ಮೈಕ್ ಅಲ್ಲ

ರಾಜಕೀಯ ಆಸಕ್ತಿಯ ಗೆಳೆಯರು ಇನ್ನೊಂದು ಆಸೆ ಇಟ್ಟುಕೊಂಡು ಬರುತ್ತಾರೆ. ಆಕ್ಸೆಸ್ ನೌ ಸಂಸ್ಥೆಯ ಲೆಕ್ಕದಲ್ಲಿ 2024ರಲ್ಲಿ ಭಾರತದಲ್ಲಿ 84 ಬಾರಿ ಇಂಟರ್‌ನೆಟ್ ಬಂದ್ ಆಯಿತು. "ಹಂಗಾದ್ರೆ ಬಂದ್ ಆದಾಗ ಇದರಲ್ಲಿ ಮಾತಾಡೋಣ" ಅನ್ನುತ್ತಾರೆ. ಆಗಲ್ಲ. ಅಂತರರಾಷ್ಟ್ರೀಯ ರೇಡಿಯೊ ನಿಯಮಗಳ ಪ್ರಕಾರ ಇಲ್ಲಿ ಅರ್ಥ ಮುಚ್ಚಿಡುವ ಗೂಢಲಿಪಿ ನಿಷಿದ್ಧ. ಮಾತು ತಾಂತ್ರಿಕ ವಿಷಯ ಮತ್ತು ಸಾಮಾನ್ಯ ವೈಯಕ್ತಿಕ ಹರಟೆಗೆ ಸೀಮಿತ. ಸುದ್ದಿ ಬಿತ್ತರಿಸುವಂತಿಲ್ಲ, ವ್ಯಾಪಾರ ಮಾಡುವಂತಿಲ್ಲ. ನೀವಾಡುವುದನ್ನು ಯಾರು ಬೇಕಾದರೂ ಕೇಳಬಹುದು. ಇಂಟರ್‌ನೆಟ್ ಬಂದ್ ವಿರುದ್ಧದ ಹೋರಾಟ ಕೋರ್ಟು ಮತ್ತು ಬೀದಿಯಲ್ಲೇ ನಡೆಯಬೇಕು.

ಹಾಗಾದರೆ ಇದರಲ್ಲಿ ರಾಜಕೀಯ ಎಲ್ಲಿದೆ? ಯಂತ್ರದ ಒಳಗನ್ನು ಯಾರು ಬಲ್ಲರು ಅನ್ನುವುದರಲ್ಲಿದೆ. ಡಿಎಂಆರ್ ಸೆಟ್ಟುಗಳಲ್ಲಿರುವ ಆ್ಯಂಬೆ ಕೊಡೆಕ್ ಒಂದು ಖಾಸಗಿ ಕಂಪನಿಯ ಸೊತ್ತು. ತರಂಗ ಸಾರ್ವಜನಿಕ, ಅದರ ಮೇಲೆ ಹೋಗುವ ದನಿಯ ವ್ಯಾಕರಣ ಖಾಸಗಿ. ಆಸ್ಟ್ರೇಲಿಯಾದ ಹ್ಯಾಮ್ ಡೇವಿಡ್ ರೋ ಇದಕ್ಕೆ ಬದಲಾಗಿ ಕೊಡೆಕ್2 ಎಂಬ ಮುಕ್ತ ಕೊಡೆಕ್ ಬರೆದರು. ಎಂ17 ಎಂಬ ಮುಕ್ತ ಪದ್ಧತಿ ಅದರ ಮೇಲೆ ನಿಂತಿದೆ. ಇಂಥ ಕೆಲಸ ಮಾಡಲು ಬೇಕಾಗುವುದು ಪರವಾನಗಿ ಮತ್ತು ಪ್ರಯೋಗ ಮಾಡುವ ಜಾಗ. ನಮ್ಮ ಕಡೆಯ ಇಂಜಿನಿಯರಿಂಗ್ ವಿದ್ಯಾರ್ಥಿ ನಾಲ್ಕು ವರ್ಷ ಮಾಡ್ಯುಲೇಷನ್ ಓದಿ, ಒಂದು ದಿನವೂ ಪ್ರಸಾರದ ಬಟನ್ ಒತ್ತದೆ ಹೊರಬೀಳುತ್ತಾನೆ. ನಾನೂ ಹಾಗೇ ಓದಿ ಬಂದವನು.

ಕೇಳಬೇಕಾದದ್ದು ಮೂರೇ. ಒಂದು, ಬೀದರ್ ಅಥವಾ ಕಲಬುರಗಿಯಲ್ಲಿ ವರ್ಷಕ್ಕೆ ಎರಡು ಸಲವಾದರೂ ಪರೀಕ್ಷಾ ಶಿಬಿರ. ಎರಡು, ಪರೀಕ್ಷೆ ಪಾಸಾದವರ ಪರವಾನಗಿಗೆ ಕಾಲಮಿತಿ, ಹಾಗೂ ಕನ್ನಡದಲ್ಲಿ ಪಠ್ಯ. ಮೂರು, ಬೀದರ್, ಭಾಲ್ಕಿ, ಬಸವಕಲ್ಯಾಣದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ತಲಾ ಒಂದು ಕ್ಲಬ್ ನಿಲಯ. ಮೊದಲೆರಡು ದೆಹಲಿಯ ಕೈಯಲ್ಲಿವೆ, ಸಂಸದರ ಮೂಲಕ ಕೇಳಬೇಕು. ಮೂರನೆಯದಕ್ಕೆ ದೆಹಲಿಯ ಹಣ ಬೇಕಿಲ್ಲ. 371ಜೆ ಬಂದ ಮೇಲೆ ಈ ಭಾಗದ ಅಭಿವೃದ್ಧಿಗೆ ಅಂತಲೇ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ರಸ್ತೆ, ಕಟ್ಟಡದ ಕಾಮಗಾರಿಗಳ ನಡುವೆ ಮೂರು ಆಂಟೆನಾ ಕಂಬಗಳ ಖರ್ಚು ಅದಕ್ಕೆ ಗೊತ್ತೂ ಆಗಲಿಕ್ಕಿಲ್ಲ.

ಅಲ್ಲಿಯವರೆಗೆ ಕಾಯಬೇಕಿಲ್ಲ. ನಾಲ್ಕು ಜನ ಸೇರಿ ಈ ರಜೆಯಲ್ಲಿ ಪಠ್ಯಕ್ರಮ ಓದಿ, ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಹೈದರಾಬಾದ್ ಬಸ್ ಹತ್ತಿ. ಪೆಟ್ಟಿಗೆ ಆಮೇಲೆ ತರಿಸೋಣ.